ಮೊಣಕಾಲು ಹೇಳಿದ ಕ್ಯಾಮೆರಾ

ಅಲ್ಲ ರಾಯರೇ, ಮೊನ್ನೆಯಿಂದ ನೋಡ್ತಾನೇ ಇದ್ದೀನಿ, ಗಿಡಕ್ಕೆ ನೀರು ಹಾಕೋವಾಗಲೂ ಮೊಬೈಲು ಕೈಬಿಡ್ತಿಲ್ಲ ನೀವು. ದಾಸವಾಳದ ಕುಂಡ ತುಂಬಿ ಹರೀತಿದೆ, ಪೈಪು ಆಚೆ ತಿರುಗಿಸಿ. ಏನು, ಕ್ಯಾಮೆರಾ ಇನ್ನೂ ತೀರ್ಮಾನ ಆಗ್ಲಿಲ್ವೇ?

ಡಿ7200 ಒಂದು, ಡಿ5600 ಒಂದು. ಎರಡೂ ನಿಕಾನ್ ಡಿಎಸ್‌ಎಲ್‌ಆರ್, ಎರಡೂ ಸೆಕೆಂಡ್ ಹ್ಯಾಂಡ್, ರೇಟೂ ಹೆಚ್ಚುಕಮ್ಮಿ ಒಂದೇ. ಅದೇ ಕಷ್ಟ ನೋಡಿ. ಬೆಲೆಯಲ್ಲಿ ಅಂತರ ಇದ್ದಿದ್ರೆ ಜೇಬೇ ತೀರ್ಪು ಕೊಟ್ಟುಬಿಡ್ತಿತ್ತು, ನಾವಿಬ್ರೂ ಕಾಫಿ ಕುಡೀಬಹುದಿತ್ತು. ಮಗರಾಯ ಬೆಂಗಳೂರಿಂದ ಫೋನ್ ಮಾಡಿ ‘ಮಿರರ್‌ಲೆಸ್ ತಗೊಳಿ ಅಪ್ಪಾ’ ಅಂದನೇ? ಅವನ ಮಾತೂ ಸುಳ್ಳಲ್ಲ. 2020ರಲ್ಲಿ ಡಿ780, ಡಿ6 ಬಂದಮೇಲೆ ನಿಕಾನಿನವರು ಹೊಸ ಡಿಎಸ್‌ಎಲ್‌ಆರ್ ಬಾಡಿ ತಂದಿಲ್ಲ. ಆದ್ರೆ ಜನ ಹೊಸ ಬಡಾವಣೆಗೆ ಹೊರಟಾಗಲೇ ಅಲ್ವೇ ಹಳೇ ಬೀದೀಲಿ ಬಾಡಿಗೆ ಇಳಿಯೋದು? ನಮಗೆ ಅದೇ ಒಳ್ಳೇದು.

ಫೋಟೋ ಹೇಗೆ ಬರುತ್ತೆ ಅನ್ನೋ ಚಿಂತೆ ಬಿಟ್ಬಿಡಿ. ಎರಡರಲ್ಲೂ 24 ಮೆಗಾಪಿಕ್ಸೆಲ್, ಅದೇ ಅಳತೆಯ ಸೆನ್ಸರ್, ಪ್ರೊಸೆಸರ್ ಕೂಡ ಅದೇ ಎಕ್ಸ್‌ಪೀಡ್ 4. ಒಂದೇ ಲೆನ್ಸಲ್ಲಿ ಈ ದಾಸವಾಳ ತೆಗೆದು, ಪ್ರಿಂಟ್ ಹಾಕಿಸಿ ಅಕ್ಕಪಕ್ಕ ಇಟ್ರೆ, ಯಾವುದು ಯಾವ ಬಾಡೀದು ಅಂತ ಕ್ಯಾಮೆರಾ ಅಂಗಡಿಯವನಿಗೂ ಹೇಳಕ್ಕಾಗಲ್ಲ.

7200 ಮೇಲೆ ನಿಮಗೆ ಮನಸ್ಸು, ಗೊತ್ತು ನಂಗೆ. ಅದರ ವ್ಯೂಫೈಂಡರಿಗೆ ಕಣ್ಣಿಟ್ರೆ ಯಾರಿಗಾದ್ರೂ ಆಸೆ ಹುಟ್ಟುತ್ತೆ. ಗಾಜಿನ ಪೆಂಟಾಪ್ರಿಸಂ, ದೊಡ್ಡದಾಗಿ, ಬೆಳಕಾಗಿ, ಬರೋ ಚಿತ್ರ ಅಂಚಿನತನಕ ಪೂರ್ತಿ ಕಾಣುತ್ತೆ. 5600ರಲ್ಲಿ ಕನ್ನಡಿ ಜೋಡಿಸಿ ಕೆಲಸ ಮುಗಿಸಿದ್ದಾರೆ. ಉದ್ದಗಲದಲ್ಲಿ ನೂರಕ್ಕೆ 95 ಪಾಲು ಕಂಡರೆ ಪುಣ್ಯ. ನೀವು ಅಚ್ಚುಕಟ್ಟಾಗಿ ಮೊಮ್ಮಗಳ ಮುಖ ಹೊಂದಿಸಿರ್ತೀರಿ, ಆಮೇಲೆ ನೋಡಿದ್ರೆ ಮೂಲೇಲಿ ಬಟ್ಟೆ ಒಣಗಿಸೋ ಹಗ್ಗ ಬಂದು ಕೂತಿರುತ್ತೆ. ಇನ್ನು 7200ರಲ್ಲಿ ಹೆಬ್ಬೆರಳಿಗೊಂದು, ತೋರುಬೆರಳಿಗೊಂದು ಡಯಲ್. ಕಾರ್ಡ್ ಹಾಕಕ್ಕೆ ಎರಡು ಜಾಗ. ಅದು ಮದುವೆ ಫೋಟೋ ತೆಗೆಯೋರಿಗೆ ಬಿಡಿ, ನಮ್ಮ ದಾಸವಾಳಕ್ಕೆ ಯಾಕೆ ಎರಡು ಕಾರ್ಡು?

ನಿಮ್ಮ ಬೀರುವಿನಲ್ಲಿರೋ ಆ ಹಳೇ 50 ಎಂಎಂ ಡಿ ಲೆನ್ಸಿನ ಮಾತು ಬೇರೆ. ಅದರೊಳಗೆ ಮೋಟಾರಿಲ್ಲ. 7200ರ ಲೆನ್ಸ್ ಕೂರೋ ಬಳೇಲಿ ಸ್ಕ್ರೂಡ್ರೈವರಿನ ಮೊನೆಯಂಥದ್ದು ಪುಟ್ಟದಾಗಿ ಚಾಚಿಕೊಂಡಿದೆ, ಕಂಡಿದ್ದೀರಾ? ಅದು ಲೆನ್ಸಿನ ಹಿಂಬದಿಯ ಸೀಳಿಗೆ ಕೂತು, ಕರ್ರ್ ಅಂತ ತಿರುಗಿಸಿ ಫೋಕಸ್ ಮಾಡುತ್ತೆ. 5600ರಲ್ಲಿ ಆ ಮೊನೆಯೇ ಇಲ್ಲ. ಲೆನ್ಸ್ ಕೂರುತ್ತೆ, ಬೆಳಕಿನ ಲೆಕ್ಕವೂ ಸರಿಯಾಗೇ ಬರುತ್ತೆ, ಫೋಕಸ್ ಮಾತ್ರ ಕೈಯಲ್ಲೇ. ಸರಿಯಾಗಿ ಕೂತಾಗ ವ್ಯೂಫೈಂಡರಿನ ಕೆಳಗೆ ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತೆ. ಕೂತಿರೋರನ್ನ ತೆಗೆಯಕ್ಕೆ ಅಷ್ಟು ಸಾಕು.

ಹಾಗಾದ್ರೆ 7200 ಅಂತೀರಾ? ತಡೀರಿ ಸ್ವಾಮಿ. ನೀವು ದಿನಾ ತೆಗೆಯೋದೇನು? ಹಾಲಲ್ಲಿ ಕೂತು ಆಡೋ ಮೊಮ್ಮಗಳು, ಅತ್ತಿಗೆಯವರ ರಂಗೋಲಿ, ದೇವರಾಜ ಮಾರ್ಕೆಟ್ಟಲ್ಲಿ ಮಾರು ಹಾಕಿ ಮಲ್ಲಿಗೆ ಅಳೆಯೋ ಕೈ. ಎಲ್ಲಾ ಸೊಂಟದಿಂದ ಕೆಳಗಿನ ಲೋಕ. ಡಾಕ್ಟ್ರು ಕುಕ್ಕರಗಾಲಲ್ಲಿ ಕೂರಬೇಡಿ ಅಂದಿರೋ ಮೊಣಕಾಲು ಇಟ್ಕೊಂಡು, 7200ರ ಹಿಂದೆ ಅಲ್ಲಾಡದ ಆ ಸ್ಕ್ರೀನನ್ನ ಹೇಗೆ ನೋಡ್ತೀರಿ? 5600ದು ಬಾಗಿಲಿನ ಥರ ಪಕ್ಕಕ್ಕೆ ತೆರೆದು, ಮೇಲ್ಮುಖವಾಗಿ ತಿರುಗುತ್ತೆ. ನಿಂತಲ್ಲೇ ಕ್ಯಾಮೆರಾ ಕೆಳಗಿಳಿಸಿ, ಸ್ಕ್ರೀನಿನಲ್ಲಿ ಮಗು ಮುಖ ಮುಟ್ಟಿದ್ರೆ ಫೋಕಸ್ ಆಗಿ ಫೋಟೋನೂ ಬೀಳುತ್ತೆ. ಹಾಗೆ ತೆಗೆಯೋವಾಗ ಫೋಕಸ್ ನಿಧಾನ, ಓಡೋ ಮಗು ಸಿಗಲ್ಲ, ಅದಕ್ಕೆ ಕಣ್ಣಿಟ್ಟೇ ತೆಗೀಬೇಕು.

ತೂಕಾನೂ ನೋಡಿ. ಬ್ಯಾಟರಿ, ಕಾರ್ಡು ಸಮೇತ 7200 ಬಾಡಿ 765 ಗ್ರಾಂ, 5600 ಬಾಡಿ 465. ಮೋಟಾರಿರೋ 35 ಎಂಎಂ 1.8 ಡಿಎಕ್ಸ್ ಲೆನ್ಸು ಸುಮಾರು 200 ಗ್ರಾಂ. ಅದನ್ನ ಹಾಕಿದ ಮೇಲೂ 5600 ಆ ಬರೀ ಬಾಡಿಗಿಂತ ಹಗುರ! ತರಕಾರಿ ಚೀಲದ ಜೊತೆ ಹೆಗಲಿಗೆ ಬರೋದು ಇದೇ. 7200 ಆದ್ರೆ ಬೀರುವಿನಲ್ಲೇ ಕೂತು ಮಳೆಗಾಲದಲ್ಲಿ ಫಂಗಸ್ ಹಿಡಿಸಿಕೊಳ್ಳುತ್ತೆ ಅಷ್ಟೆ. ವಾರವಾರ ರಂಗನತಿಟ್ಟಿಗೆ ದೊಡ್ಡ ಲೆನ್ಸ್ ಹೊತ್ತು ಹೋಗೋರಾಗಿದ್ರೆ ಕಣ್ಮುಚ್ಚಿ 7200 ಅಂತಿದ್ದೆ.

ಏನಂದ್ರಿ, ಅದಕ್ಕೆ 51 ಫೋಕಸ್ ಪಾಯಿಂಟ್, ಇದಕ್ಕೆ 39 ಮಾತ್ರ ಅಂತಲೇ? ರಾಮ ರಾಮ! ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳನ್ನ 1979ರ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಕ್ಕಿಟ್ಟಿದ್ರು. ಆ ಚಿತ್ರ ತೆಗೆದಾಗ ಯಾವ ಪಾಯಿಂಟು, ಎಷ್ಟು ಪಾಯಿಂಟು?

ನಾಳೆ ಅಂಗಡಿಗೆ ಹೋಗೋವಾಗ ನಿಮ್ಮದೇ ಮೆಮೊರಿ ಕಾರ್ಡ್ ತಗೊಂಡು ಹೋಗಿ. ಒಂದು ಫೋಟೋ ತೆಗೆದು ತಂದ್ರೆ, ಶಟರ್ ಎಷ್ಟು ಸಲ ಬಿದ್ದಿದೆ ಅನ್ನೋ ಲೆಕ್ಕ ಆ ಫೈಲಿನೊಳಗೇ ಇರುತ್ತೆ; ನನ್ನ ಕಂಪ್ಯೂಟರಲ್ಲಿ ನೋಡೋಣ. ಲಕ್ಷ ದಾಟಿದ್ರೆ ಬೇಡ. ಆ ತಿರುಗೋ ಸ್ಕ್ರೀನಿನ ಕೀಲೂ ಸಡಿಲ ಆಗಿದೆಯಾ ನೋಡ್ಬೇಕು, ತಿರುಗಿಸೋವಾಗ ಗೆರೆ ಬಂದ್ರೆ ಒಳಗಿನ ಪಟ್ಟಿ ಹೋಗ್ತಾ ಇದೆ ಅಂತಲೇ. ಬೇಕಾದ್ರೆ ನಾನೂ ಬರ್ತೀನಿ. ಸ್ಕೂಟರ್ ಮಾತ್ರ ನಿಮ್ಮದೇ ತೆಗೀರಿ, ನಮ್ಮದ್ರಲ್ಲಿ ಪೆಟ್ರೋಲಿಲ್ಲ.