ಧಣಿಗಳ ದರಪಟ್ಟಿ

ಅಮೆರಿಕದ ಬೇಸ್‌ಬಾಲ್ ತಂಡಗಳ ಮಾಲೀಕರು ಮುಕ್ತ ಮಾರುಕಟ್ಟೆಯ ಪರಮಭಕ್ತರು. ಟಿಕೆಟ್ ದರ ಮಾರುಕಟ್ಟೆಗೆ ಬಿಟ್ಟದ್ದು. ಟೀವಿ ಹಕ್ಕಿನ ಬೆಲೆಯೂ ಅಷ್ಟೆ. ಹದಿನೆಂಟರ ಹುಡುಗನ ಬೆಲೆ ಮಾತ್ರ ಹಾಗಲ್ಲ. ಅವನ ವಿಷಯ ಬಂದಾಗ ಮೂವತ್ತೂ ತಂಡಗಳು ಒಂದಾಗುತ್ತವೆ, ಪೈಪೋಟಿ ಮಹಾಪಾಪವಾಗುತ್ತದೆ.

ಈ ಏರ್ಪಾಡಿಗೆ ಡ್ರಾಫ್ಟ್ ಎಂದು ಹೆಸರು. ಹೈಸ್ಕೂಲು, ಕಾಲೇಜಿನ ಆಟಗಾರರನ್ನು ತಂಡಗಳು ಸರದಿಯ ಮೇಲೆ ಹಂಚಿಕೊಳ್ಳುತ್ತವೆ. ಯಾರ ಪಾಲಿಗೆ ಬಂದನೋ ಅವರೊಂದಿಗಷ್ಟೇ ಮಾತುಕತೆ. ಪಕ್ಕದ ತಂಡ ದುಪ್ಪಟ್ಟು ಕೊಡುತ್ತೇನೆಂದರೂ ಹೋಗುವಂತಿಲ್ಲ. ಬೇರೆ ಉದ್ಯಮದವರು ಹೀಗೆ ಮಾಡಿದರೆ ಕೋರ್ಟು ಜಾಡಿಸುತ್ತದೆ. ಬೇಸ್‌ಬಾಲ್‌ಗೆ ಆ ಭಯವಿಲ್ಲ. ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೆ ತಾಗದೆಂದು ಅಲ್ಲಿನ ಸುಪ್ರೀಂ ಕೋರ್ಟು 1922ರಲ್ಲೇ ಹೇಳಿಬಿಟ್ಟಿದೆ. ನೂರು ವರ್ಷ ದಾಟಿದರೂ ಆ ರಕ್ಷಾಕವಚ ಪೂರ್ತಿ ಕಳಚಿಲ್ಲ.

1964ರಲ್ಲಿ ರಿಕ್ ರೈಕಾರ್ಟ್ ಎಂಬ ಕಾಲೇಜು ಹುಡುಗನಿಗಾಗಿ ತಂಡಗಳು ಮುಗಿಬಿದ್ದವು. ಏಂಜಲ್ಸ್ ಎರಡು ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟು ಒಯ್ದಿತು. ಮರುವರ್ಷವೇ ಡ್ರಾಫ್ಟ್ ಬಂತು. ಅದರ ಮೊದಲ ಆಯ್ಕೆಯಾದ ರಿಕ್ ಮಂಡೇಗೆ ಸಿಕ್ಕಿದ್ದು ಸುಮಾರು ಅರ್ಧ. ಕಾರಣ ಕೇಳಿದರೆ ಬಡ ತಂಡಗಳ ಉದ್ಧಾರ ಎಂದರು. ಬಡವರ ಹೆಸರೆತ್ತಿದ ಮೇಲೆ ಯಾರು ತಕರಾರು ತೆಗೆದಾರು?

ಆ ಉದ್ಧಾರದ ಕತೆಯನ್ನೂ ನೋಡಿಬಿಡೋಣ. ಪಿಟ್ಸ್‌ಬರ್ಗ್ ಪೈರೇಟ್ಸ್ ವರ್ಷಗಟ್ಟಲೆ ಸೋತು ಸುಣ್ಣವಾಗಿದ್ದ ತಂಡ. ಹೆಸರಾದ ಆಟಗಾರರನ್ನು ಕೊಳ್ಳುವ ಶಕ್ತಿ ಇಲ್ಲ. 2011ರಲ್ಲಿ ಅದು ಜಾಣತನ ಮಾಡಿತು. ಡ್ರಾಫ್ಟ್‌ನ ಹುಡುಗರ ಮೇಲೆ ಸುಮಾರು 1.7 ಕೋಟಿ ಡಾಲರ್ ಸುರಿಯಿತು. ಗೆರಿಟ್ ಕೋಲ್‌ಗೆ 80 ಲಕ್ಷ. ತಾನು ಕಾಲೇಜಿಗೇ ಹೋಗುವವನು, ನನ್ನನ್ನು ಆರಿಸಬೇಡಿ ಎಂದಿದ್ದ ಜಾಶ್ ಬೆಲ್‌ಗೆ ಎರಡನೇ ಸುತ್ತಿನಲ್ಲೂ 50 ಲಕ್ಷ. ಬಡ ತಂಡವೊಂದು ಕೊನೆಗೂ ಮೇಲೇಳುವ ದಾರಿ ಕಂಡುಕೊಂಡಿತ್ತು.

ಅದೇ ವರ್ಷದ ನವೆಂಬರಿನಲ್ಲಿ ಆ ದಾರಿಗೆ ಬೇಲಿ ಬಿತ್ತು. ಬಡ ತಂಡಗಳ ಹಿತಕ್ಕಾಗಿಯೇ.

2012ರಿಂದ ಮೊದಲ ಹತ್ತು ಸುತ್ತಿನ ಪ್ರತಿ ಆಯ್ಕೆಯ ಸಹಿ ಬೋನಸ್‌ಗೂ ಒಂದು ದರ. ಅವನ್ನೆಲ್ಲ ಕೂಡಿದರೆ ತಂಡದ ಬೋನಸ್ ಪೂಲ್. ಮೀರಿದರೆ ದಂಡ. ಶೇ. 5ಕ್ಕಿಂತ ಹೆಚ್ಚು ಮೀರಿದರೆ ಮುಂದಿನ ಮೊದಲ ಸುತ್ತಿನ ಆಯ್ಕೆಯೇ ಖೋತಾ. ಮೊದಲ ಹನ್ನೆರಡು ಡ್ರಾಫ್ಟ್‌ಗಳಲ್ಲಿ ಒಂದೇ ಒಂದು ತಂಡವೂ ಆ ಗೆರೆ ದಾಟಲಿಲ್ಲ. ಆಟಗಾರರ ಮೇಲೆ ಶತಕೋಟಿಗಳನ್ನು ಚೆಲ್ಲುವ ಧಣಿಗಳ ಇಂಥ ಶಿಸ್ತು ಬೇರೆಲ್ಲೂ ಕಾಣಸಿಗದು.

ಹುಡುಗರು ಮುಂದೆ ಹೇಗಾಗುತ್ತಾರೋ ಯಾರಿಗೆ ಗೊತ್ತು, ಅದಕ್ಕೇ ಮಿತಿ ಎಂಬುದು ಅವರ ಸಮರ್ಥನೆ. ನಿಜ. 1991ರಲ್ಲಿ ಯಾಂಕೀಸ್‌ನಿಂದ 15.5 ಲಕ್ಷ ಪಡೆದ ಬ್ರಯನ್ ಟೇಲರ್ ಮೇಜರ್ ಲೀಗ್ ಮೈದಾನಕ್ಕೆ ಕಾಲಿಡಲೇ ಇಲ್ಲ. 62ನೇ ಸುತ್ತಿನಲ್ಲಿ ಬಂದ ಮೈಕ್ ಪಿಯಾಜಾ ಹಾಲ್ ಆಫ್ ಫೇಮ್ ಸೇರಿದ. ಯಾರಿಗೂ ಗೊತ್ತಾಗದ ವಿಷಯ, ಒಪ್ಪೋಣ. ಹಾಗಿದ್ದರೆ ಒಬ್ಬೊಬ್ಬರಿಗೂ ನೂರು ಡಾಲರ್‌ವರೆಗೆ ಲೆಕ್ಕ ಹಾಕಿ ದರಪಟ್ಟಿ ಅಚ್ಚು ಮಾಡುವವರಿಗೆ ಅದು ಹೇಗೆ ಗೊತ್ತಾಯಿತು?

ಈ ಪಟ್ಟಿಯ ಅಸಲಿ ಬಣ್ಣ ನೋಡಬೇಕೆಂದರೆ 2014ರ ಹ್ಯೂಸ್ಟನ್‌ಗೆ ಹೋಗಬೇಕು. ಆ ವರ್ಷದ ಮೊದಲ ಆಯ್ಕೆ ಬ್ರೇಡಿ ಏಕನ್, ಎಡಗೈ ಪಿಚರ್. ಪಟ್ಟಿಯ ದರ 79 ಲಕ್ಷ. ಅಲ್ಲಿನ ತಂಡ ಆಸ್ಟ್ರೋಸ್ ಕುದುರಿಸಿದ್ದು 65 ಲಕ್ಷಕ್ಕೆ. ಉಳಿದದ್ದರಲ್ಲಿ ಐದನೇ ಸುತ್ತಿನ ಜೇಕಬ್ ನಿಕ್ಸ್‌ಗೆ 15 ಲಕ್ಷ ಎಂದು ಮಾತಾಗಿತ್ತು. ಅಷ್ಟರಲ್ಲಿ ಏಕನ್‌ನ ಮೊಣಕೈ ಸ್ಕ್ಯಾನ್‌ನಲ್ಲಿ ಅನುಮಾನ ಕಾಣಿಸಿತು. 65 ಲಕ್ಷ ಇದ್ದದ್ದು 31 ಲಕ್ಷದ ಸುಮಾರಿಗೆ ಇಳಿಯಿತು. ಯಾಕೆ ಅಷ್ಟೇ? ದರದ ಶೇ. 40ರಷ್ಟನ್ನು ಮುಂದಿಟ್ಟು, ಹುಡುಗ ಬೇಡವೆಂದರೆ, ಮರುವರ್ಷ ಪರಿಹಾರವಾಗಿ ಒಂದು ಆಯ್ಕೆ ಸಿಗುತ್ತದೆ. ಗಡುವು ಮುಗಿಯುವ ಹೊತ್ತಿಗೆ 50 ಲಕ್ಷಕ್ಕೆ ಏರಿಸಿದರು. ಹುಡುಗ ಒಪ್ಪಲಿಲ್ಲ.

ಕ್ಲಬ್ಬಿನ ಅನುಮಾನ ಸುಳ್ಳಾಗಲಿಲ್ಲ. ಮರುವರ್ಷವೇ ಏಕನ್ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಆದರೆ ನಿಕ್ಸ್ ಮಾಡಿದ ತಪ್ಪೇನು? ಏಕನ್ ಸಹಿ ಹಾಕದಿದ್ದರಿಂದ ಅವನ 79 ಲಕ್ಷ ಪೂಲ್‌ನಿಂದಲೇ ಮಾಯವಾಯಿತು. ಈಗ ನಿಕ್ಸ್‌ಗೆ ಮಾತು ಕೊಟ್ಟಷ್ಟು ಕೊಟ್ಟರೆ ಗೆರೆ ದಾಟಿದಂತೆ. ಕೊಡಲಿಲ್ಲ. ಎತ್ತಿಗೆ ಜ್ವರ ಬಂತು, ಎಮ್ಮೆಗೆ ಬರೆ ಬಿತ್ತು. ನಿಕ್ಸ್ ದೂರು ಕೊಟ್ಟ, ಒಳಗೊಳಗೇ ರಾಜಿಯಾಯಿತು. ಆಸ್ಟ್ರೋಸ್‌ಗೆ ಪರಿಹಾರದ ಆಯ್ಕೆಯಲ್ಲಿ ಅಲೆಕ್ಸ್ ಬ್ರೆಗ್‌ಮನ್ ಸಿಕ್ಕ. ಎರಡು ವರ್ಷದಲ್ಲಿ ಅವನೊಂದಿಗೆ ವಿಶ್ವ ಸರಣಿಯನ್ನೇ ಗೆದ್ದರು.

ಇನ್ನು ಕಾಲೇಜಿನ ಕೊನೆಯ ವರ್ಷದವರು. ಓದು ಮುಗಿದಿದೆ, ಹಿಂದಿರುಗಲು ಜಾಗವಿಲ್ಲ, ಚೌಕಾಸಿಗೆ ಬಲವಿಲ್ಲ. ಲಕ್ಷ ಡಾಲರ್ ದಾಟುವ ದರದ ಜಾಗದಲ್ಲಿ ಇವರನ್ನು ಆರಿಸಿ, ಐದೋ ಹತ್ತೋ ಸಾವಿರ ಕೈಗಿಟ್ಟು ಕಳಿಸುತ್ತಾರೆ. ಮಿಕ್ಕದ್ದು ಗಟ್ಟಿಯಾಗಿ ಬೇಡುವವನಿಗೆ. ಕ್ಲಬ್ಬುಗಳ ಬಾಯಲ್ಲಿ ಇದು ಪೂಲ್ ನಿರ್ವಹಣೆ. ನಮ್ಮ ಬಾಯಲ್ಲಿ, ಅಸಹಾಯಕನ ಜೇಬಿಗೆ ಕತ್ತರಿ.

ಕೆನಡಾ ಬಿಟ್ಟರೆ ಹೊರದೇಶದ ಹುಡುಗರಿಗೆ ಡ್ರಾಫ್ಟ್ ಇಲ್ಲ, ಮಿತಿ ಇನ್ನೂ ಬಿಗಿ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹದಿನಾರು ತುಂಬದೆ ಸಹಿ ಹಾಕಿಸುವಂತಿಲ್ಲ. ಹನ್ನೆರಡು ಹದಿಮೂರಕ್ಕೇ ಬಾಯಿಮಾತಿನ ಒಪ್ಪಂದ ಮುಗಿದಿರುತ್ತದೆ ಎಂಬುದು ಬೇಸ್‌ಬಾಲ್ ಬಲ್ಲವರಿಗೆಲ್ಲ ಗೊತ್ತಿರುವ ಗುಟ್ಟು. ಜಪಾನಿನ ಶೋಹೇ ಓಟಾನಿ 2017ರಲ್ಲಿ ಬಂದಾಗ ಇಪ್ಪತ್ತಮೂರರ ಪ್ರಾಯ, ಆಗಲೇ ತಾಯ್ನಾಡಿನಲ್ಲಿ ತಾರೆ. ಇಪ್ಪತ್ತೈದು ತುಂಬಿಲ್ಲವೆಂದು ಅವನನ್ನೂ ಎಳಸುಗಳ ಸಾಲಿನಲ್ಲಿ ನಿಲ್ಲಿಸಿ ಸುಮಾರು 23 ಲಕ್ಷ ಕೊಟ್ಟರು. 2023ರಲ್ಲಿ, ಬೆಲೆ ಹೇಳುವ ಹಕ್ಕು ಕೈಗೆ ಬಂದಾಗ, ಅದೇ ಓಟಾನಿಗೆ 70 ಕೋಟಿ ಡಾಲರ್ ಒಪ್ಪಂದ.

ಆಟಗಾರರ ಸಂಘ ಏನು ಮಾಡುತ್ತಿತ್ತು ಎನ್ನುವಿರಾ? ಧಣಿಗಳ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕುತ್ತಿತ್ತು. ಡ್ರಾಫ್ಟ್‌ಗೆ ಕಾದಿರುವ ಹುಡುಗರು ಅದರ ಸದಸ್ಯರಲ್ಲ. ಅವರಿಂದ ಉಳಿದ ಹಣ ಹಿರಿಯರಿಗೆ ಬಂದೀತೆಂಬ ಆಸೆಯೂ ಇತ್ತು. ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಮುಂದಿನ ದರಪಟ್ಟಿಯನ್ನು ಬರೆಯುವವರೂ ಇವರೇ ಇಬ್ಬರು. ಅದಕ್ಕೆ ತಲೆ ಕೊಡಬೇಕಾದ ಹುಡುಗರನ್ನು ಒಂದು ಮಾತು ಕೇಳಬೇಕೆಂಬ ನಿಯಮ ಇವತ್ತಿಗೂ ಇಲ್ಲ.