ಕಾಲಿಗೂ ಸರಿಗಮ

ಲಂಡನ್ನಿನ ಟೂಟಿಂಗಿನ ನಮ್ಮ ಪಕ್ಕದ ಮನೆ ಹುಡುಗ ಚರ್ಚೊಂದರಲ್ಲಿ ಆರ್ಗನ್ ಇಂಟರ್ನ್ ಆಗಿ ಸೇರಿದ್ದಾನೆ. ದೋಸೆಗೆ ಕರೆದು, "ಹಾರ್ಮೋನಿಯಂ ಥರವೇನೋ?" ಎಂದೆ.

"ಹೌದು ಅಂಕಲ್, ಆದ್ರೆ ಕಾಲಲ್ಲೂ ನುಡಿಸ್ಬೇಕು."

ನಾಟಕ ಕಂಪನಿಯ ಕಾಲು ಹಾರ್ಮೋನಿಯಮ್ಮಿನಲ್ಲಿ ಕಾಲು ಗಾಳಿ ಒತ್ತಿದರೆ ಸಾಕಿತ್ತು. ಇಲ್ಲಿ ಕಾಲಿಗೇ ಸಾಲುಸಾಲು ಮನೆಗಳು, ಅದಕ್ಕೊಂದು ತೆಳು ಅಟ್ಟೆಯ ಬೂಟು! ಪಾದ್ರಿಗಳತ್ತ ನುಡಿಸುವವನ ಬೆನ್ನು, ಅವರು ಪ್ರಾರ್ಥನೆ ಮುಗಿಸಿದರೇ ಎಂದು ನೋಡಲು ಎದುರಿಗೆ ಪುಟ್ಟ ಕನ್ನಡಿ, ಥೇಟ್ ಆಟೋದವರ ಹಾಗೆ.

"ಚರ್ಚು ಬೇಜಾರಾದ್ರೆ ನಮ್ಮ ಟೂಟಿಂಗಿನ ಗ್ರನಾಡಾಕ್ಕೆ ಹೋಗು" ಎಂದೆ. 1931ರ ಆ ಚಿತ್ರಮಂದಿರದಲ್ಲೂ ವುರ್ಲಿಟ್ಜರ್ ಆರ್ಗನ್ ಇತ್ತು. ಆಮೇಲೆ ಅಲ್ಲಿ ಬಿಂಗೋ ಆಟ ಬಂತು.

ನಗುತ್ತ ದೋಸೆ ಮುರಿದವನ ಕಾಲು ಮಾತ್ರ ಮೇಜಿನಡಿ ಸುಮ್ಮನಿರಲಿಲ್ಲ. ನಾನು ಹಾ ಎಂದೆ.

"ಸಾರಿ ಅಂಕಲ್, ಅದು ಕೆಳಗಿನ ಸಿ."

"ನಮ್ಮ ಕಡೆ ಅದನ್ನ ಹೆಬ್ಬೆರಳು ಅಂತೀವಪ್ಪ."