ನಲ್ಲಿಯಿಲ್ಲದ ಪೈಪ್‌ಲೈನ್

ಜಾವಾದಲ್ಲಿ ಫಾರ್ ಲೂಪ್ ಬರೆಯುವವರನ್ನು ಕಂಡರೆ ನನಗೆ ಒಂದು ಕಾಲದಲ್ಲಿ ಮರುಕ ಹುಟ್ಟುತ್ತಿತ್ತು. 2014ರಲ್ಲೇ ಜಾವಾ 8 ಬಂದು, ಲ್ಯಾಂಬ್ಡಾ, ಸ್ಟ್ರೀಮ್ ಎಲ್ಲ ಕೈಗೆ ಸಿಕ್ಕಿದ ಮೇಲೂ ಇವರು ಐ ಪ್ಲಸ್ ಪ್ಲಸ್ ಅಂತ ಎಣಿಸುತ್ತ ಕೂತಿದ್ದಾರಲ್ಲ! ಈಗ ಮರುಕ ಅವರದು, ಪಾತ್ರ ನಾನು.

ಆಫೀಸಿನಲ್ಲಿ ಒಪ್ಪಿಸಿದ್ದು ಸಾಧಾರಣ ಕೆಲಸ. ನೀರಿನ ಮೀಟರ್ ರೀಡಿಂಗ್‌ಗಳ ಸಿಎಸ್‌ವಿ ಫೈಲು. ಕೆಟ್ಟ ಸಾಲು ತೆಗೆದು, ಮನೆವಾರು ಬಳಕೆ ಕೂಡಿ, ಸ್ಲ್ಯಾಬಿಗೆ ಹಾಕಬೇಕು. ನಾನು ಎಲ್ಲವನ್ನೂ ಒಂದೇ ವಾಕ್ಯದಲ್ಲಿ ಮುಗಿಸಿದೆ. ಫಿಲ್ಟರ್, ಮ್ಯಾಪ್, ಫ್ಲ್ಯಾಟ್‌ಮ್ಯಾಪ್, ಗ್ರೂಪಿಂಗ್‌ಬೈ, ಅದರ ಹೊಟ್ಟೆಯೊಳಗೆ ಇನ್ನೊಂದು ಗ್ರೂಪಿಂಗ್‌ಬೈ. ಸೆಮಿಕೋಲನ್ ದರ್ಶನಕ್ಕೆ ಸ್ಕ್ರೋಲ್ ಮಾಡುತ್ತಲೇ ಹೋಗಬೇಕು. ಲ್ಯಾಂಬ್ಡಾಗಳಲ್ಲೆಲ್ಲ ಎಕ್ಸ್.

ರಿವ್ಯೂಗೆ ಕೂತವಳು ಹೊಸದಾಗಿ ಸೇರಿದ ಹುಡುಗಿ. "ಸರ್, ಈ ಎಕ್ಸ್ ಮನೆನಾ, ಮೀಟರಾ?" ಎಂದಳು, ಬಹಳ ವಿನಯದಿಂದ.

"ಇಲ್ಲಿವರೆಗೂ ಮೀಟರಮ್ಮ, ಆಮೇಲೆ ಮನೆ ಆಗುತ್ತೆ."

"ಎಲ್ಲಿ ಆಗುತ್ತೆ ಸರ್?"

"ಅದನ್ನೇ ಹುಡುಕ್ತಿದೀನಿ."

ಮಾನ ಉಳಿಸಿಕೊಳ್ಳಲು ಎರಡನೇ ಅವತಾರ ಎತ್ತಿದೆ. ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಯಲ್ಲವೇ, ಹೆಜ್ಜೆಗೊಂದು ಕ್ಲಾಸು: ಅಬ್‌ಸ್ಟ್ರಾಕ್ಟ್‌ಸ್ಟೆಪ್, ಸ್ಟೆಪ್‌ಫ್ಯಾಕ್ಟರಿ, ಸ್ಟೆಪ್‌ಫ್ಯಾಕ್ಟರಿಪ್ರೊವೈಡರ್. ಖಾಲಿ ಸಾಲು ಬಿಡುವ ಒಂದೇ ಒಂದು ಇಫ್‌ಗೆ ನಾಲ್ಕು ಫೈಲು. ಓಡಿಸಿದರೆ ಎರರ್ ಇಲ್ಲ, ಉತ್ತರವೂ ಇಲ್ಲ. ಇಣುಕಿ ನೋಡೋಣವೆಂದು ನಡುವೆ ಪೀಕ್ ಸಿಕ್ಕಿಸಿದೆ. ಅದೂ ಮೌನ.

ಪ್ರೋಗ್ರಾಮುಗಳು ತೋಟದ ಹೋಸ್ ಪೈಪಿನಂತೆ ಒಂದಕ್ಕೊಂದು ಜೋಡಿಸುವಂತಿರಬೇಕು ಎಂದು ಬೆಲ್ ಲ್ಯಾಬ್ಸ್‌ನ ಡಗ್ ಮೆಕ್ಇಲ್ರಾಯ್ 1964ರಲ್ಲೇ ಟಿಪ್ಪಣಿ ಬರೆದಿದ್ದರು. ನಾನು ಜೋಡಿಸಿದ್ದು ನಮ್ಮ ಬಡಾವಣೆಯ ಪೈಪು: ರಸ್ತೆ ಅಗೆದು ಹೂತಿದ್ದಾಗಿದೆ, ನಲ್ಲಿ ಕೂರಿಸಿಲ್ಲ. ಜಾವಾ ಸ್ಟ್ರೀಮ್ ಮಹಾ ಸೋಮಾರಿ. ಕೊನೆಯಲ್ಲಿ ಕಲೆಕ್ಟ್, ಫಾರ್‌ಈಚ್ ಎಂದೇನಾದರೂ ಕೇಳುವವರೆಗೆ ಒಂದು ಸಾಲನ್ನೂ ಮುಟ್ಟುವುದಿಲ್ಲ. ನನ್ನ ಕ್ಲಾಸುಗಳು ಸ್ಟ್ರೀಮನ್ನು ಒಬ್ಬರಿಂದೊಬ್ಬರಿಗೆ ಗೌರವದಿಂದ ದಾಟಿಸುತ್ತಿದ್ದವು, ಕೇಳುವವರೇ ಇರಲಿಲ್ಲ.

ಸರಿ, ಪರೀಕ್ಷೆಗೆಂದು ಒಂದು ಲಿಸ್ಟಿಗೆ ಬರೀ ಪೀಕ್, ಕೊನೆಗೆ ಕೌಂಟ್ ಹಾಕಿದೆ. ಸಂಖ್ಯೆ ಬಂತು, ಪೀಕ್ ಮಾತ್ರ ಬಾಯಿ ಬಿಡಲಿಲ್ಲ. ಲಿಸ್ಟಿನ ಉದ್ದ ಮೊದಲೇ ಗೊತ್ತಿದ್ದರೆ ಎಣಿಸುವ ಗೋಜಿಗೇ ಹೋಗದ ಜಾಣತನ ಜಾವಾ 9ರಲ್ಲಿ ಬಂದಿದೆಯಂತೆ. ಸಿಟ್ಟಿನಲ್ಲಿ ಅದೇ ಸ್ಟ್ರೀಮಿಗೆ ಮತ್ತೆ ಕಲೆಕ್ಟ್ ಕೊಟ್ಟೆ. ಇಲ್ಲೀಗಲ್‌ಸ್ಟೇಟ್‌ಎಕ್ಸೆಪ್ಷನ್! ಒಮ್ಮೆ ಹರಿದ ಸ್ಟ್ರೀಮ್ ಮತ್ತೆ ಹರಿಯುವುದಿಲ್ಲ.

ಊಟ ಮುಗಿಸಿ ಬರುವಷ್ಟರಲ್ಲಿ ಆ ಹುಡುಗಿ ಬರೆದು ಮುಗಿಸಿದ್ದಳು. ರೀಡಿಂಗ್ ಎಂಬುದೊಂದು ರೆಕಾರ್ಡ್. ತಾನು ಸರಿಯಿದ್ದೇನೋ ಇಲ್ಲವೋ ಅದೇ ಹೇಳುತ್ತದೆ. ಪೈಪ್‌ಲೈನಿನಲ್ಲಿ ಉಳಿದದ್ದು ಮೂರೇ ಮಾತು: ಸರಿಯಿದ್ದದ್ದನ್ನು ಇಟ್ಟುಕೋ, ಮನೆವಾರು ಗುಂಪು ಮಾಡು, ಲೀಟರ್ ಕೂಡು. ಬಂದದ್ದನ್ನು 'ಮನೆವಾರು ಬಳಕೆ' ಎಂಬ ವೇರಿಯಬಲ್‌ಗೆ ಹಾಕಿ ಸರಪಳಿಯನ್ನು ಅಲ್ಲಿಗೇ ಕಡಿದಿದ್ದಳು. ಸ್ಲ್ಯಾಬಿಗೆ ಬೇರೆಯೇ ಮೆಥಡ್. ಮ್ಯಾನೇಜರು ಓದಿ ತಲೆಯಾಡಿಸಿದರು. ಮ್ಯಾನೇಜರಿಗೂ ಅರ್ಥವಾಗುವ ಕೋಡ್ ಬರೆಯುವುದು ಹಿರಿಯರಿಗೆ ಮಾಡುವ ಅವಮಾನವಲ್ಲದೆ ಇನ್ನೇನು?

ನನ್ನದೂ ಏನಾದರೂ ಇರಲೆಂದು ಗ್ರೂಪಿಂಗ್‌ಬೈ ಕಿತ್ತು ಟುಮ್ಯಾಪ್ ಹಾಕಿ ಕೊಟ್ಟೆ. ಎರಡು ಮೀಟರ್ ಇದ್ದ ಮೊದಲ ಮನೆ ಬರುತ್ತಿದ್ದಂತೆ 'ಡುಪ್ಲಿಕೇಟ್ ಕೀ' ಎಂದು ಎಲ್ಲವೂ ಮಗುಚಿಕೊಂಡಿತು. ಅವಳು ಮಾತಿಲ್ಲದೆ ಹಿಂದಕ್ಕೆ ತಿರುಗಿಸಿದಳು. ಗಿಟ್ ಬ್ಲೇಮ್ ತೆಗೆದರೆ ಆ ಫೈಲಿನಲ್ಲಿ ಈಗ ನನ್ನ ಹೆಸರಿಗೆ ಒಂದು ಇಂಪೋರ್ಟ್ ಸಾಲಿದೆ. ಬಳಕೆಯಲ್ಲಿಲ್ಲ ಎಂದು ಎಡಿಟರ್ ಅದನ್ನು ಬೂದು ಬಣ್ಣದಲ್ಲಿ ತೋರಿಸುತ್ತದೆ.